ಚುಕ್ಕಿ ಇಟ್ಟ ಸೆಲ್ಲು

ಬೆಳಿಗ್ಗೆ ಎಂಟು ಗಂಟೆಗೆ ಅವನ ಬಲಜೇಬು ಖಾಲಿ ಇರಬೇಕಿತ್ತು. ಎಡಜೇಬಿನಲ್ಲಿ ಹೊಸ ಸೆಲ್ಲು, ಬಲಜೇಬಿನಲ್ಲಿ ಹಳೆಯದು ಎನ್ನುವುದು ಹದಿನಾಲ್ಕು ವರ್ಷದಿಂದ ನಡೆದುಬಂದ ಕ್ರಮ. ಇದಕ್ಕೆಂದೇ ಹೆಂಡತಿ ಅವನ ಖಾಕಿ ಅಂಗಿಗೆ ಬಲಗಡೆಗೂ ಒಂದು ಜೇಬು ಹೊಲಿದುಕೊಟ್ಟಿದ್ದಳು. ವರ್ಷಕ್ಕೊಂದು ದಿನ ಆ ಅಂಗಿ ತೊಟ್ಟು, ಸಾಲಿನ ಇಪ್ಪತ್ತನಾಲ್ಕು ಮನೆಗಳ ಗ್ಯಾರೇಜಿಗೂ ಹೋಗಿ, ಬಾಗಿಲನ್ನು ಎತ್ತಿಳಿಸುವ ಮೋಟಾರಿನ ಬ್ಯಾಟರಿಯನ್ನೂ, ಅದನ್ನು ದೂರದಿಂದ ಆಡಿಸುವ ರಿಮೋಟಿನ ಬಿಲ್ಲೆಯಂಥ ಗುಂಡು ಸೆಲ್ಲನ್ನೂ ಬದಲಾಯಿಸಿ ಬರಬೇಕು. ಉಳಿದ ದಿನಗಳಲ್ಲಿ ಆ ಸಾಲಿನ ನಲ್ಲಿ, ಬಲ್ಬು, ಮೋರಿ ಎಲ್ಲವೂ ಅವನ ಪಾಲಿಗೇ ಬಿದ್ದಿದ್ದರೂ ಜನ ಇಟ್ಟ ಹೆಸರು ಮಾತ್ರ ಸೆಲ್ಲಪ್ಪ. ಆ ಹೆಸರು ಅವನಿಗೆ ಇಷ್ಟವೇ ಆಗಿತ್ತು. ಮೋರಿಯಪ್ಪ ಅನ್ನದೆ ಬಿಟ್ಟರಲ್ಲ. ಈಗ ಮೊದಲನೆಯ ಮನೆಯ ಮುಂದೆ ಏಣಿ ಇಳಿಸಿ, ಅಭ್ಯಾಸದಂತೆ ಎರಡೂ ಜೇಬು ತಟ್ಟಿ ನೋಡಿಕೊಂಡಾಗ ಬಲಗಡೆ ಬೆರಳಿಗೆ ಏನೋ ತಗುಲಿತು. ತೆಗೆದು ನೋಡಿದ. ನಡುವೆ ಕಪ್ಪು ಚುಕ್ಕಿ ಇಟ್ಟ ಒಂದು ಸೆಲ್ಲು. ಇಸ್ತ್ರಿ ಮಾಡುವಾಗ ಹೆಂಡತಿ ಹೇಳಿದ್ದು ಆಗ ನೆನಪಾಯಿತು: "ರೀ, ಮೇಜಿನ ಖಾನೇಲಿ ನಿಮ್ಮದೊಂದು ಸೆಲ್ ಬಿದ್ದಿತ್ತು. ಚುಕ್ಕಿ ಇದೆ, ಹಳೇದು ಅಂತ ಬಲಗಡೆ ಹಾಕಿದೀನಿ." ಅವಳು ತನ್ನ ಪಾಡಿಗೆ ಹೇಳಿದ್ದಳು, ಅವನು ತನ್ನ ಪಾಡಿಗೆ ಹೂಂ ಅಂದಿದ್ದ. ಹನ್ನೊಂದು ತಿಂಗಳಿಂದ ಖಾನೆಯ ಮೂಲೆಯಲ್ಲಿ ಮುಚ್ಚಿಟ್ಟದ್ದು ಹೀಗೆ ಗರಿಗರಿ ಇಸ್ತ್ರಿಯ ಜೇಬಿನಲ್ಲಿ ಕೂತು ಬಂದಿತ್ತು.

ಅದನ್ನು ಅಲ್ಲೇ ಕಸದ ಡಬ್ಬಿಗೆ ಹಾಕಬಹುದಿತ್ತು. ಹಾಕಲಿಲ್ಲ, ಜೇಬಿಗೇ ಮರಳಿಸಿದ. ಒಂದನೆಯ ಮನೆಯ ಕೆಲಸ ಹನ್ನೆರಡು ನಿಮಿಷದಲ್ಲಿ ಮುಗಿಯಿತು, ಎರಡನೆಯದು ಹತ್ತರಲ್ಲಿ. ಗ್ಯಾರೇಜುಗಳೆಂದರೆ ಅವನಿಗೆ ಒಂದು ಬಗೆಯ ಸಲಿಗೆ. ನಡುಮನೆಯಲ್ಲಿ ಜನ ಎಷ್ಟೇ ಒಪ್ಪವಾಗಿರಲಿ, ಗ್ಯಾರೇಜಿನಲ್ಲಿ ಬಣ್ಣ ಬಯಲಾಗುತ್ತದೆ: ಒಂದೇ ಸಲ ತುಳಿದ ವ್ಯಾಯಾಮದ ಸೈಕಲ್ಲು, ಯಾರೂ ಹೊದೆಯದ ಉಡುಗೊರೆಯ ರಗ್ಗು, ಜಗಳವಾಡಿ ಕೊಂಡು ಜಗಳವಾಡಿ ಮೂಲೆಗೆ ತಳ್ಳಿದ ಸೋಫಾ. ರಬ್ಬರು, ಒಣಗಿದ ಪೇಂಟು, ತೇವದ ಕಾಲೊರಸುಗಳ ವಾಸನೆ ಮೂಗಿಗೆ ಬಡಿದರೆ ಅವನ ಮನಸ್ಸು ತಾನಾಗಿ ಹಗುರಾಗುತ್ತಿತ್ತು. ಏಣಿ ಹತ್ತಿ ಸೂರಿನ ಮೋಟಾರು ಪೆಟ್ಟಿಗೆಯ ಮುಚ್ಚಳ ಬಿಚ್ಚುವುದು, ಬ್ಯಾಟರಿಯ ಕೆಂಪು ತಂತಿ ಕಪ್ಪು ತಂತಿ ಕಳಚುವುದು, ಹೊಸದನ್ನು ಕೂರಿಸುವುದು, ಕರೆಂಟಿನ ಪ್ಲಗ್ಗು ಕಿತ್ತು ಬರೀ ಬ್ಯಾಟರಿಯ ಬಲದಲ್ಲೇ ಬಾಗಿಲು ಏಳುತ್ತದೋ ನೋಡುವುದು, ಆಮೇಲೆ ಇಳಿದು ರಿಮೋಟು ಬಿಚ್ಚುವುದು. ಹಳೆಯ ಸೆಲ್ಲು ಹೊರಗೆ ಬಂದ ತಕ್ಷಣ, ಬೇರೇನೂ ಮಾಡುವ ಮೊದಲು, ಪೆನ್ನಿನಿಂದ ಅದರ ನಡುವೆ ಒಂದು ಚುಕ್ಕಿ. ಹೊಸದಕ್ಕೂ ಹಳೆಯದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಅದೊಂದೇ. ಇಷ್ಟು ಅಚ್ಚುಕಟ್ಟಾದ ಮನುಷ್ಯ ತಾನು ಎಂದು ಅವನು ಒಳಗೊಳಗೇ ಬೀಗುತ್ತಿದ್ದದ್ದು ನಿಜ, ಹೋದ ವರ್ಷದ ತನಕ.

ಮೂರನೆಯ ಮನೆಯ ಹಲ್ಲಿನ ಡಾಕ್ಟರು ಹಲ್ಲುಜ್ಜುತ್ತಲೇ ಬಂದು ನಿಂತರು. ಇವರೊಬ್ಬರಿಗೆ ಬಾಯಿ ತುಂಬ ನೊರೆ ಇದ್ದರೂ ಮಾತು ನಿಲ್ಲುತ್ತಿರಲಿಲ್ಲ. "ಮುಂದಿನ ವರ್ಷದಿಂದ ನಿನಗೆ ಒಂದು ಮನೆ ಕಮ್ಮಿ, ಸೆಲ್ಲಪ್ಪ. ಹನ್ನೊಂದನೇ ಮನೆ ಟೀಚರ್ ಕಾರು ಕೊಟ್ಬಿಡ್ತಿದ್ದಾರೆ. ತಂಗಿ ಮಗ ಇವತ್ತು ಹನ್ನೆರಡಕ್ಕೆ ಬಂದು ತಗೊಂಡು ಹೋಗ್ತಾನಂತೆ." ಅವನು ಏಣಿಯ ಮೇಲಿದ್ದ. ಕೆಂಪು ತಂತಿ ಬೆರಳಲ್ಲೇ ಉಳಿಯಿತು. "ಯಾಕಂತೆ ಸಾರ್?" ಎಂದು ಕೇಳಿದ, ಯಾಕೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿತ್ತು? "ಕೈಯಲ್ಲಿ ಬಲ ಇಲ್ವಲ್ಲಪ್ಪ ಪಾಪ. ಆವತ್ತು ನಾನೇ ನೋಡಿದ್ನಲ್ಲ. ಕಾಲು ಗಂಟೆ ಒತ್ತಿದ್ರೂ ಬಾಗಿಲು ಏಳ್ಲಿಲ್ಲ. ನಾನು ಇಸ್ಕೊಂಡು ಒಂದು ಸಲ ಒತ್ತಿದೆ ನೋಡು, ಎದ್ದೇಬಿಡ್ತು." ಡಾಕ್ಟರು ಹೆಬ್ಬೆರಳನ್ನು ಎತ್ತಿ, ಅದರ ಬಲವನ್ನು ತಾವೇ ಮೆಚ್ಚಿಕೊಳ್ಳುವವರಂತೆ ನೋಡಿಕೊಂಡರು. ಸಾಯುವ ಸೆಲ್ಲು ಹಾಗೆಯೇ ಆಡುವುದು ಸಾರ್, ಹತ್ತು ಸಲ ಸುಮ್ಮನಿದ್ದು ಹನ್ನೊಂದನೆಯ ಸಲ ಉಸಿರು ಕಟ್ಟಿಕೊಂಡು ಎದ್ದುಬಿಡುತ್ತದೆ, ಅದರಲ್ಲಿ ನಿಮ್ಮ ಹೆಬ್ಬೆರಳಿನ ದೊಡ್ಡಸ್ತಿಕೆ ಏನೂ ಇಲ್ಲ, ಎಂದು ಹೇಳುವುದು ಅವನ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂತಿತು. ತಂತಿ ಸಿಕ್ಕಿಸಿ ಇಳಿದುಬಂದ.

ಹೋದ ವರ್ಷ ಆದದ್ದು ಇಷ್ಟೇ. ಹನ್ನೊಂದನೆಯ ಮನೆಯಲ್ಲಿ ಅವಸರದಲ್ಲಿ ಕ್ರಮ ತಪ್ಪಿಸಿ ಮೊದಲು ರಿಮೋಟು ಬಿಚ್ಚಿದ್ದ. ಹಳೆಯ ಸೆಲ್ಲು ತೆಗೆದು, ಚುಕ್ಕಿ ಇಟ್ಟು, ಅದನ್ನೂ ಹೊಸದನ್ನೂ ಕಾರಿನ ಬಾನೆಟ್ಟಿನ ಮೇಲೆ ಅಕ್ಕಪಕ್ಕ ಇಟ್ಟು, ಬಾಯಿ ತೆರೆದ ರಿಮೋಟನ್ನು ಟೀಚರ ಕೈಗೆ ಕೊಟ್ಟು ಏಣಿ ಹತ್ತಿದ್ದ. ಮೇಲೆ ಬ್ಯಾಟರಿ ಕೂರಿಸಿದ ಮೇಲೆ, ಬಾಗಿಲು ಇಳಿಯುತ್ತದೋ ನೋಡಬೇಕಲ್ಲ, ಕೆಳಗೆ ಗೋಡೆಯ ಸ್ವಿಚ್ಚಿನ ಪಕ್ಕದಲ್ಲಿದ್ದವರಿಗೆ "ಹಾಕಿ ಟೀಚರ್" ಅಂದ. ಟೀಚರು ಹಾಕಿದರು. ಬಾಗಿಲನ್ನಲ್ಲ, ಸೆಲ್ಲನ್ನು, ಎರಡರಲ್ಲಿ ಕೈಗೆ ಹತ್ತಿರವಿದ್ದದ್ದನ್ನು. ಮುಚ್ಚಳವನ್ನೂ ಟಪ್ಪನೆ ಒತ್ತಿದರು. "ಬಾಗಿಲು, ಬಾಗಿಲು" ಎಂದು ಅವನು ಮೇಲಿಂದ ಕೂಗಿದಾಗ ಅದೇ ರಿಮೋಟು ಒತ್ತಿದರು, ಬಾಗಿಲು ಇಳಿಯಿತು. ಹಳೆಯ ಸೆಲ್ಲಿನಲ್ಲಿ ಇನ್ನೂ ಜೀವ ಇತ್ತು. ಇಬ್ಬರೂ ನಕ್ಕರು. ಅವನು ಇಳಿದುಬಂದು ಬಾನೆಟ್ಟಿನ ಮೇಲೆ ಉಳಿದಿದ್ದ ಒಂಟಿ ಸೆಲ್ಲನ್ನು ನೋಡದೆ ಬಲಜೇಬಿಗೆ ಇಳಿಸಿದ. ಸಂಜೆ ಮನೆಯಲ್ಲಿ ಜೇಬು ಬೋರಲು ಹಾಕಿದಾಗ ಚುಕ್ಕಿಗಳ ನಡುವೆ ಒಂದು ಬೋಳು ಸೆಲ್ಲು ಹೊಳೆಯುತ್ತಿತ್ತು. ಆ ದಿನ ಅವನದಲ್ಲದ ಕೈ ಸೆಲ್ಲು ಮುಟ್ಟಿದ್ದು ಒಂದೇ ಮನೆಯಲ್ಲಿ. ಯಾವುದೆಂದು ಯೋಚಿಸಬೇಕಾಗಿಯೇ ಇರಲಿಲ್ಲ. "ನಾಳೆ ಹೋಗಿ ಬದಲಾಯಿಸಿ ಬನ್ನಿ" ಎಂದಿದ್ದಳು ಹೆಂಡತಿ. ನಾಳೆ ಎನ್ನುವುದು ಐದು ವಾರ ಎಳೆಯಿತು. ಟೀಚರೇ ಫೋನು ಮಾಡಿದರು.

ಆರನೆಯ ಮನೆಯ ಹೊಸ ಗಂಡಹೆಂಡತಿ ಅವನಿಗೆ ಸಹಾಯ ಮಾಡಿಯೇ ತೀರುವವರಂತೆ ಟೊಂಕ ಕಟ್ಟಿ ನಿಂತಿದ್ದರು. ಗಂಡ ಗೋಡೆಯ ಸ್ವಿಚ್ಚಿನ ಹತ್ತಿರ, ಹೆಂಡತಿ ರಿಮೋಟು ಹಿಡಿದು ಏಣಿಯ ಬುಡದಲ್ಲಿ. ಅವನು ಮೇಲಿಂದ "ತೆಗೀರಿ" ಅಂದ. ಗಂಡ ಬಾಗಿಲು ತೆಗೆದ. ಹೆಂಡತಿ ಸೆಲ್ಲು ತೆಗೆದಳು. "ಹಾಕಿ" ಅಂದರೆ ಮತ್ತೆ ಇದೇ ಕಥೆ. "ಯಾರಿಗೆ ಹೇಳ್ತಿದೀರಾ ಅಂತ ಹೇಳಿ ಹೇಳಬಾರದಾ?" ಎಂದು ಹೆಂಡತಿ ನಕ್ಕಳು, "ನನಗೆ ಹೇಳಿದ್ದು" ಎಂದು ಗಂಡ, "ನಿಮಗೆ ಯಾರು ಏನು ಹೇಳ್ತಾರೆ" ಎಂದು ಹೆಂಡತಿ. ಅವನೂ ನಕ್ಕ. ಬಾಗಿಲಿಗೂ ಸೆಲ್ಲಿಗೂ ಒಂದೇ ಮಾತು, ತೆಗೆಯುವುದು ಹಾಕುವುದು, ಇದರಲ್ಲಿ ತಪ್ಪು ಯಾರದೆಂದು ಯಾರಿಂದ ಹೇಳಲಾದೀತು? ಹನ್ನೊಂದು ತಿಂಗಳಿಂದ ಅವನು ಹಿಡಿದುಕೊಂಡಿದ್ದ ಹಗ್ಗ ಇದೇ. ಹಾಕಿದ್ದು ಟೀಚರೇ. ತಾನು ಚುಕ್ಕಿ ಇಟ್ಟಿದ್ದ. ಆದರೆ ನಗು ಮುಗಿದ ಮೇಲೆ ಹಗ್ಗ ಸಡಿಲಾಯಿತು, ಏಕೆಂದರೆ ಟೀಚರಿಗೆ ಆದ ಅನ್ಯಾಯ ಆ ಸೆಲ್ಲಿನಿಂದಲ್ಲ, ಆಮೇಲೆ ತಾನು ಆಡಿದ ಒಂದು ಮಾತಿನಿಂದ. ಫೋನು ಬಂದ ದಿನ ಅವನು ಹೋಗಿ ರಿಮೋಟು ಬಿಚ್ಚಿದ್ದ. ಚುಕ್ಕಿ ಅವನನ್ನೇ ನೋಡುತ್ತಿತ್ತು. ಟೀಚರು ಬೆಳಗಿನ ಈಜು ಮುಗಿಸಿ ಬಂದವರು, ಕೂದಲಿನ ನೀರು ಇನ್ನೂ ಭುಜಕ್ಕೆ ಇಳಿಯುತ್ತಿತ್ತು, ಏಳದ ಬಾಗಿಲು, ಹಿಂದೆ ನಿಂತ ಕಾರುಗಳ ಹಾರ್ನು, ಡಾಕ್ಟರು ಬಂದು ಕೈಯಿಂದ ರಿಮೋಟು ಕಿತ್ತುಕೊಂಡದ್ದು, ಎಲ್ಲ ಹೇಳಿ, "ಏನಾಗಿದೆ ಸೆಲ್ಲಪ್ಪ ಅದಕ್ಕೆ?" ಎಂದು ಕೇಳಿದ್ದರು. ಅವನು ಆ ಸೆಲ್ಲನ್ನು ಅಂಗೈಯಲ್ಲಿ ಮುಚ್ಚಿಕೊಂಡು, ಗುಟ್ಟಾಗಿ ಹೊಸದನ್ನು ಹಾಕುತ್ತ ಹೇಳಿದ್ದ: "ಏನಿಲ್ಲ ಟೀಚರ್, ಬಟನ್ನು ಸ್ವಲ್ಪ ಗಟ್ಟಿ." ಅವರು ತಮ್ಮ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡು, "ಒತ್ತೋರಿಗೆ ಗಟ್ಟಿ ಅಂತ, ಅಲ್ವಾ?" ಎಂದಿದ್ದರು. ಆ ರಿಮೋಟನ್ನು ಅವರು ಮತ್ತೆ ಒತ್ತಿ ನೋಡಲೇ ಇಲ್ಲ, ಮುಂದಿನ ವಾರ ಕಾರಿನ ಮೇಲೆ ಚಾದರ ಬಿತ್ತು. ಒಂದು ಗುಂಡಿ ಒತ್ತಲಾಗದವಳು ಬ್ರೇಕು ಒತ್ತುತ್ತಾಳಾ ಎಂದು ಅವರು ಸಾಲಿನಲ್ಲಿ ಎಲ್ಲರ ಹತ್ತಿರವೂ ನಗುತ್ತಾ ಹೇಳಿಕೊಂಡರಂತೆ. ಈಜುಕೊಳ ಬಸ್ಸು ಹೋಗದ ಕಡೆ ಇತ್ತು. ಈಜೂ ನಿಂತಿತು.

ಇಕ್ಕಟ್ಟಿಗೆ ಸಿಕ್ಕಾಗ ಅವನ ಬಾಯಿಂದ ಸುಳ್ಳು ನೀರಿನ ಹಾಗೆ ಬರುತ್ತದೆ, ಇದು ಅವನಿಗೆ ಚಿಕ್ಕಂದಿನಿಂದ ಗೊತ್ತು. ಭೂಗೋಳದ ಪಾಠದಲ್ಲಿ ನೀಲಿ ಪೆನ್ಸಿಲು ಕಳೆದುಕೊಂಡು ಸಮುದ್ರಕ್ಕೆಲ್ಲ ಕಂದು ಬಳಿದಿದ್ದ. ಮೇಷ್ಟ್ರು ಹಾಳೆಯನ್ನು ಎತ್ತಿ ಹಿಡಿದು ಇದೇನೋ ಎಂದರೆ, ಒಂದು ಕ್ಷಣವೂ ತಡೆಯದೆ, "ಪ್ರವಾಹ ಬಂದಿದೆ ಸಾರ್" ಅಂದುಬಿಟ್ಟ. ತರಗತಿ ಬಿದ್ದು ಬಿದ್ದು ನಕ್ಕಿತು. ಹಾಳೆಯನ್ನು ತಿಂಗಳುಗಟ್ಟಲೆ ಗೋಡೆಗೆ ಅಂಟಿಸಿಟ್ಟಿದ್ದರು, ಕೆಳಗೆ ಅವನ ಹೆಸರು. ಪೆನ್ಸಿಲು ಕಳೆಯಿತು ಅಂದಿದ್ದರೆ ಪಕ್ಕದವನ ಪೆನ್ಸಿಲು ಸಿಗುತ್ತಿತ್ತು, ಅಷ್ಟೇ. ಹನ್ನೊಂದನೆಯ ಮನೆಯ ಟೀಚರೂ ಮೂವತ್ತು ವರ್ಷ ಭೂಗೋಳವನ್ನೇ ಕಲಿಸಿದವರು ಎನ್ನುವುದು ಅವನಿಗೆ ಯಾಕೋ ವಿಧಿಯ ಕೀಟಲೆಯಂತೆ ಕಾಣುತ್ತಿತ್ತು.

ಹತ್ತನೆಯ ಮನೆ ಮುಗಿದಾಗ ಹನ್ನೊಂದೂ ಕಾಲು. ಮುಂದಿನ ಗೇಟು ಟೀಚರದು. ಏಣಿ ಹೆಗಲಿಗೇರಿಸಿದ ಅವನ ಕಾಲು ಮಾತ್ರ ಆ ಗೇಟು ದಾಟಿ ಮುಂದೆ ಮುಂದೆ ಹೋಯಿತು. ಒಂದೊಂದು ವರ್ಷ ಕೊನೆಯಿಂದ ಶುರು ಮಾಡಿದರೆ ಯಾರು ಬೇಡವೆಂದಾರು? ಇಪ್ಪತ್ತನಾಲ್ಕು, ಇಪ್ಪತ್ಮೂರು, ಇಪ್ಪತ್ತೆರಡು ಎಂದು ಇಳಿಸುತ್ತ ಬಂದರೆ ಹನ್ನೊಂದಕ್ಕೆ ಬರುವ ಹೊತ್ತಿಗೆ ಮೂರಾಗುತ್ತದೆ, ಕಾರು ಹೋಗಿರುತ್ತದೆ, ಕಾರೇ ಇಲ್ಲದ ಮೇಲೆ ರಿಮೋಟಿನ ಮಾತು ಎಲ್ಲಿಂದ ಬರುತ್ತದೆ? ಸೊಗಸಾದ ಉಪಾಯ. ಅಷ್ಟು ದೂರ ಏಣಿ ಹೊತ್ತು ಹೋಗಿ, ಬೆವರು ಸುರಿಸುತ್ತ ಇಪ್ಪತ್ತನಾಲ್ಕನೆಯ ಮನೆಯ ಬೆಲ್ಲು ಒತ್ತಿದ. ಯಾರೂ ಬರಲಿಲ್ಲ. ಆಗ ನೆನಪಾಯಿತು, ಅವರು ನಾಲ್ಕರ ಮೇಲೆ ಬಾ ಎಂದು ನಿನ್ನೆಯೇ ಹೇಳಿದ್ದರು. ಬೆಲ್ಲಿನ ಗುಂಡಿಯ ಮೇಲೆ ಬೆರಳಿಟ್ಟೇ ನಿಂತ. ಮನೆ ಖಾಲಿ ಎಂದು ಗೊತ್ತಿದ್ದೂ ಇನ್ನೊಂದು ಸಲ ಒತ್ತಿದ. ಈ ಒತ್ತುವ ಕೈ, ತೆರೆಯದ ಬಾಗಿಲು, ತನ್ನಲ್ಲೇ ಏನೋ ಕುಂದಿದೆ ಎನ್ನುವ ಪೆದ್ದು ನಾಚಿಕೆ. ಬೀದಿಯಲ್ಲಿ ಕಾಲು ಗಂಟೆ ಟೀಚರು ಹೀಗೆಯೇ ನಿಂತಿದ್ದಿರಬೇಕು, ಒದ್ದೆ ಕೂದಲಲ್ಲಿ, ಹಿಂದಿನ ಹಾರ್ನು ಕೇಳುತ್ತ. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು. ಏಣಿ ತಿರುಗಿಸಿ ಹೊತ್ತು, ಬಂದ ದಾರಿಗೆ ಸುಂಕವಿಲ್ಲದವನ ಹಾಗೆ ಹಿಂದಕ್ಕೆ ನಡೆದ.

ಟೀಚರು ಗ್ಯಾರೇಜಿನಲ್ಲೇ ಇದ್ದರು. ಚಾದರ ತೆಗೆದು ಮಡಿಸಿ ಕಪಾಟಿನ ಮೇಲೆ ಇಟ್ಟಾಗಿತ್ತು. ಕಾರನ್ನು ಒರೆಸಿದ್ದರು, ಗಾಜಿಗೂ ಬಟ್ಟೆ ಆಡಿಸಿದ್ದರು. ಒಳಗಿನ ಸಾಮಾನುಗಳೆಲ್ಲ ಒಂದು ರಟ್ಟಿನ ಪೆಟ್ಟಿಗೆಯಲ್ಲಿ: ಛತ್ರಿ, ಭೂತಗನ್ನಡಿ, ಮಡಿಕೆ ಹರಿದ ರಸ್ತೆನಕ್ಷೆ, ಮೇಲೆ ಒಂದು ಹಳದಿ ಈಜುಟೋಪಿ. "ನಿನ್ನನ್ನ ಕರೀಬಾರದು ಅಂದ್ಕೊಂಡಿದ್ದೆ ಸೆಲ್ಲಪ್ಪ" ಎಂದರು. "ನಂಗಿನ್ನು ರಿಮೋಟ್ ಯಾಕೆ? ಸುಮ್ನೆ ನಿಂಗೆ ಒಂದು ಸೆಲ್ ದಂಡ." ಅವರ ಬಲಗೈಯಲ್ಲಿ ಕೆಂಪು ರಬ್ಬರು ಚೆಂಡೊಂದಿತ್ತು. ಮಾತಾಡುತ್ತಲೇ ಅದನ್ನು ಹೆಬ್ಬೆರಳಿಂದ ಒತ್ತುತ್ತ ಬಿಡುತ್ತ ಇದ್ದರು. ಅವನು ನೋಡುವುದನ್ನು ನೋಡಿ, "ದಿನಕ್ಕೆ ನೂರು ಸಲ. ಬೆರಳಿಗೆ ಬಲ ಬರ್ಲಿ ಅಂತ. ಅಭ್ಯಾಸ ಆಗ್ಬಿಟ್ಟಿದೆ" ಎಂದು ನಕ್ಕರು.

ಅವನು ಏಣಿಯನ್ನು ಗೋಡೆಗೆ ಒರಗಿಸಿ, ಬಲಜೇಬಿಗೆ ಕೈ ಹಾಕಿ ಹುಡುಕಿದ. ಈಗ ಅಲ್ಲಿ ಚುಕ್ಕಿಯ ಸೆಲ್ಲುಗಳು ಹನ್ನೊಂದಿದ್ದವು, ಎಲ್ಲವೂ ಒಂದೇ ಥರ. ಯಾವುದು ಅದು? ಹೊಳೆಯಲಿಲ್ಲ. ಕೊನೆಗೆ ಎಲ್ಲವನ್ನೂ ಬಾಚಿ ಬಾನೆಟ್ಟಿನ ಮೇಲೆ ಸುರಿದ. "ಇದರಲ್ಲೊಂದು ನಿಮ್ಮದು ಟೀಚರ್" ಎಂದ. ಅವರಿಗೆ ಅರ್ಥವಾಗಲಿಲ್ಲ. ಅವನು ಹೇಳಿದ, ಅಡ್ಡಾದಿಡ್ಡಿಯಾಗಿ, ಹಿಂದಿನದು ಮುಂದೆ ಮುಂದಿನದು ಹಿಂದೆ. ಚುಕ್ಕಿ ಎಂದರೆ ಹಳೆಯದು ಎಂದು, ಹೋದ ವರ್ಷ ಹಳೆಯದೇ ಮತ್ತೆ ಒಳಗೆ ಹೋಗಿತ್ತು ಎಂದು, ಅದು ತನಗೆ ಅವತ್ತು ಸಂಜೆಯೇ ಗೊತ್ತಾಗಿತ್ತು ಎಂದು, ನಾಳೆ ನಾಳೆ ಎಂದು ಸೋಮಾರಿತನ ಮಾಡಿದೆ ಎಂದು. "ನಿಮ್ಮ ಬೆರಳಿಗೆ ಏನೂ ಆಗಿರ್ಲಿಲ್ಲ. ಬಟನ್ನೂ ಗಟ್ಟಿ ಇರ್ಲಿಲ್ಲ. ನಾನು ಸುಳ್ಳು ಹೇಳ್ದೆ." ಹಾಕಿದ್ದು ನೀವೇ ಎನ್ನುವ ಮಾತು ಬಾಯಿಯವರೆಗೂ ಬಂತು. ನುಂಗಿಕೊಂಡ. ಹನ್ನೊಂದು ತಿಂಗಳ ಹಗ್ಗ ಕೈಬಿಟ್ಟಿತು, ಮತ್ತು ಆಶ್ಚರ್ಯವೆಂದರೆ ಅವನು ಬೀಳಲಿಲ್ಲ, ಅಲ್ಲೇ ಸಿಮೆಂಟು ನೆಲದ ಮೇಲೆ ನಿಂತಿದ್ದ.

ಟೀಚರು ಚೆಂಡು ಒತ್ತುವುದನ್ನು ನಿಲ್ಲಿಸಿದರು. ಒಂದೊಂದೇ ಸೆಲ್ಲನ್ನು ಬೆರಳಿಂದ ಸರಿಸಿ ನೋಡಿದರು, ಉತ್ತರಪತ್ರಿಕೆ ನೋಡುವವರ ಹಾಗೆ. ಕೊನೆಯದನ್ನೂ ಸರಿಸಿದ ಮೇಲೆ, "ಹನ್ನೊಂದು ತಿಂಗಳು, ಸೆಲ್ಲಪ್ಪ" ಎಂದರು. ದನಿ ಏರಿರಲಿಲ್ಲ, ಅದೇ ಕಷ್ಟವಾಗಿತ್ತು. "ಏನೂ ಆಗದೆ ಇದ್ದ ಬೆರಳನ್ನ ದಿನಾ ಬೈದಿದೀನಿ. ಕನ್ನಡಕ ಹಾಕ್ಕೊಂಡು ನೋಡಿದೀನಿ, ಎಣ್ಣೆ ಹಚ್ಚಿದೀನಿ. ಮುದುಕಿ ಆದೆ ಅಂತ ಒಪ್ಕೊಂಡೂ ಆಗಿತ್ತು. ನೀನು ಈ ಬೀದೀಲೇ ಓಡಾಡ್ತಾ ಇದ್ದೆ." "ಹೌದು ಟೀಚರ್." "ನಲ್ಲಿ ರಿಪೇರಿಗೆ ಬಂದಾಗ ನಾನು ಕೊಟ್ಟ ಕಾಫೀನೂ ಕುಡ್ದೆ." "ಕುಡ್ದೆ." ಅವರು ಮುಖ ತಿರುಗಿಸಿ ಕಾರಿನ ಗಾಜಿನಲ್ಲಿ ಏನನ್ನೋ ನೋಡಿದರು. ಅವನು ತಲೆ ತಗ್ಗಿಸಿ, ಹಾಳೆಯನ್ನು ಗೋಡೆಗೆ ಅಂಟಿಸುವುದನ್ನು ಕಾಯುವವನಂತೆ ಕಾದ. ಆಗ ಟೀಚರು ಥಟ್ಟನೆ, "ತಡಿ. ನೀನು ಮೇಲಿದ್ದೆ. ಹಾಕಿ ಅಂದೆ. ಹಾಕ್ದೋಳು ನಾನೇ ಅಲ್ವಾ?" ಎಂದರು. ಅವನು ಏಣಿಯ ಕಡೆ ತಿರುಗಿದ. "ಬಾಯಿ ಬಿಡಯ್ಯ, ನಾನೇ ಅಲ್ವಾ?" "ನಾನು ಬಾಗಿಲು ಹಾಕಿ ಅಂದದ್ದು ಟೀಚರ್." "ನನ್ನ ಕೈಲಿ ಇದ್ದದ್ದು ರಿಮೋಟು. ಹಾಕಿ ಅಂದ್ರೆ ನಾನೇನು ಹಾಕ್ಲಿ?" ಎಂದವರ ತುಟಿಯಲ್ಲಿ ಮೊದಲು ಸಿಟ್ಟೇ ಇತ್ತು, ಆಮೇಲೆ ಅದು ಎಲ್ಲೋ ದಾರಿ ತಪ್ಪಿ ನಗುವಾಯಿತು, ಕಣ್ಣಲ್ಲಿ ನೀರು ಬರುವಷ್ಟು. ಅವನಿಗೆ ನಗಲು ಧೈರ್ಯವಾಗಲಿಲ್ಲ. ಎಡಜೇಬಿನಿಂದ ಹೊಸ ಸೆಲ್ಲು ತೆಗೆದು, ಇಬ್ಬರೂ ನೋಡುತ್ತಿರುವಂತೆ, ತಾನೇ ರಿಮೋಟಿಗೆ ಹಾಕಿದ. ಆಮೇಲೆ ಏಣಿ ಹತ್ತಿ ಮೋಟಾರಿನ ಬ್ಯಾಟರಿಯನ್ನೂ ಬದಲಾಯಿಸಿದ.

ಅವನು ಏಣಿ ಇಳಿಯುವ ಹೊತ್ತಿಗೆ ಟೀಚರ ತಂಗಿಯ ಮಗ ಬಂದ, ಬೆನ್ನಿಗೊಂದು ಚೀಲ, ಮುಖದಲ್ಲಿ ಕಾರು ಸಿಗುವವನ ಕಳೆ. "ದೊಡ್ಡಮ್ಮ, ಸ್ವಲ್ಪ ಬೇಗ ಬಂದ್ಬಿಟ್ಟೆ." "ಒಳ್ಳೇದಾಯ್ತು. ಒಳಗೆ ಅಡುಗೆ ಆಗಿದೆ, ಬಡಿಸ್ಕೊಂಡು ಊಟ ಮಾಡು. ಕಾರು ಕೊಡಲ್ಲ." "ಅಯ್ಯೋ ದೊಡ್ಡಮ್ಮ, ಕಾರಲ್ಲಿ ಹೋಗೋದು ಅಂತ ನಾನು ಬಸ್ಸಲ್ಲಿ ಬಂದಿದೀನಿ." "ಬಸ್ಸಲ್ಲೇ ಹೋಗು. ದಾರಿ ಗೊತ್ತಿದೆಯಲ್ಲ." ಹುಡುಗ ಬಾಯಿ ಬಿಟ್ಟುಕೊಂಡು ಸೆಲ್ಲಪ್ಪನನ್ನು ನೋಡಿದ, ಸೆಲ್ಲಪ್ಪ ಸೂರು ನೋಡಿದ. ಟೀಚರು ರಟ್ಟಿನ ಪೆಟ್ಟಿಗೆಯಿಂದ ಹಳದಿ ಟೋಪಿಯನ್ನಷ್ಟೇ ಎತ್ತಿಕೊಂಡು ಕಾರಿನಲ್ಲಿ ಕೂತರು. ವಾರಕ್ಕೊಮ್ಮೆ ಎಂಜಿನ್ನು ಓಡಿಸಿ ಇಟ್ಟಿದ್ದರೋ ಏನೋ, ಮೊದಲ ತಿರುವಿಗೇ ಹೊತ್ತಿತು. ಹಿಂದಕ್ಕೆ ತೆಗೆದುಕೊಳ್ಳುವಾಗ ಕಂಬಕ್ಕೆ ಒಂದು ಗೇಣು ಉಳಿಸಿ, ಬೀದಿಗೆ ಇಳಿಸಿ, ನೇರ ಮಾಡಿ ನಿಲ್ಲಿಸಿದರು. ಕಿಟಕಿಯಿಂದ ರಿಮೋಟು ಹಿಡಿದ ಕೈ ಹೊರಗೆ ಬಂತು.

"ಸೆಲ್ಲಪ್ಪ, ನೀನು ಅಲ್ಲೇ ಒಳಗಿರು. ಹಾಕ್ತೀನಿ."

"ಏನು ಹಾಕ್ತೀರಾ ಟೀಚರ್?"

"ಬಾಗಿಲು ಕಣಯ್ಯ."

ಮೋಟಾರು ಗುಂಯ್ಗುಟ್ಟಿತು. ಬಾಗಿಲು ಸೂರಿನಿಂದ ಬಾಗಿ ಇಳಿಯತೊಡಗಿ, ಮೊದಲು ಆಕಾಶ ಹೋಯಿತು, ಆಮೇಲೆ ಎದುರು ಮನೆ, ಕಾರಿನ ಕಿಟಕಿ, ಚಕ್ರ. ನೆಲದ ಮೇಲಿನ ಒಂದು ಗೆರೆ ಬೆಳಕು ಉಳಿದು ಅದೂ ಆರಿತು. ಕತ್ತಲು. ಒಂದು ಕ್ಷಣ ಬಿಟ್ಟು ಬಾಗಿಲು ಎದ್ದಿತು: ಚಕ್ರ, ಕಿಟಕಿ, ಕೈ. ಮತ್ತೆ ಇಳಿಯಿತು. ಮತ್ತೆ ಎದ್ದಿತು. ಒಳಮನೆಯ ಬಾಗಿಲಲ್ಲಿ ನಿಂತ ಹುಡುಗ "ದೊಡ್ಡಮ್ಮನಿಗೆ ಏನಾಗಿದೆ?" ಎಂದು ಪಿಸುಗುಟ್ಟಿದ. "ಏನೂ ಆಗಿಲ್ಲ" ಎಂದ ಸೆಲ್ಲಪ್ಪ. ಆ ಮಾತು ನಿಜವಾಗಿದ್ದದ್ದರಿಂದ ಹೇಳುವುದು ಬಲು ಹಿತವಾಗಿತ್ತು. "ಅವರ ಬೆರಳಿಗೂ ಏನೂ ಆಗಿಲ್ಲ. ನೀವು ಊಟ ಮಾಡಿ ಹೋಗಿ." ಏಳನೆಯ ಸಲ ಇಳಿದ ಬಾಗಿಲು ಏಳಲಿಲ್ಲ. ಹೊರಗೆ ಕಾರಿನ ಸದ್ದು ಗೇರು ಬದಲಿಸಿ ಬೀದಿಯ ಕೊನೆಯ ಕಡೆ, ಈಜುಕೊಳದ ದಿಕ್ಕಿಗೆ, ಸಣ್ಣದಾಗುತ್ತ ಹೋಯಿತು.

ಅವನು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತ. ಇನ್ನೂ ಹದಿಮೂರು ಮನೆ ಬಾಕಿ ಇತ್ತು. ಇರಲಿ, ಇವತ್ತು ತಡವಾದರೆ ತಡವಾಯಿತು ಎನ್ನಿಸಿತು. ರಬ್ಬರಿನ ವಾಸನೆ, ಒರೆಸಿದ ಗಾಜಿನ ಸೋಪಿನ ವಾಸನೆ, ಒಳಗಿಂದ ತಟ್ಟೆ ಇಡುವ ಸದ್ದು. ಬಲಜೇಬು ಎಷ್ಟೋ ಹಗುರಾಗಿತ್ತು. ಸೆಲ್ಲುಗಳೆಲ್ಲ ಬಾನೆಟ್ಟಿನ ಮೇಲೇ ಉಳಿದು, ಕಾರು ಚಲಿಸುವಾಗ ಜಾರಿ, ನೆಲದ ಮೇಲೆ ಎಲ್ಲೋ ಚೆಲ್ಲಿಕೊಂಡಿರಬೇಕು, ಬೆಳಕು ಬಂದ ಮೇಲೆ ಆರಿಸಿಕೊಂಡರಾಯಿತು. ಬಾಗಿಲಿನ ಸ್ವಿಚ್ಚು ಗೋಡೆಯ ಮೇಲೆ ಕೈಗೆಟುಕುವಷ್ಟು ಹತ್ತಿರವಿತ್ತು. ಅವನು ಒತ್ತಲಿಲ್ಲ. ಟೀಚರು ಹಾಕಿದ ಬಾಗಿಲು, ಟೀಚರೇ ಬಂದು ತೆಗೆಯಲಿ.